ದೊರೆಯ ಮುಖಕ್ಕೆ ಆರು ಅಂಕ

ಮಾರ್ಚ್ 3, ಸೋಮವಾರ

ಇವತ್ತೂ ಬೆಕ್ಕಿನ ಮುಖ. ಬೆಳಿಗ್ಗೆ ಕೂತವಳು ಸಂಜೆ ಎದ್ದೆ, ನಡುವೆ ಬರೀ ಬೆಕ್ಕಿನ ಮುಖ. ಕಿವಿ, ಕಣ್ಣು, ಮೂತಿ, ಮೀಸೆ, ತಲೆ. ಒಂದೊಂದಕ್ಕೂ ಸೊನ್ನೆ, ಒಂದು, ಇಲ್ಲಾ ಎರಡು ಅಂಕ. ಕಿವಿ ನೆಟ್ಟಗಿದ್ರೆ ಸೊನ್ನೆ. ಪಕ್ಕಕ್ಕೆ ತಿರುಗಿ ಚಪ್ಪಟೆಯಾಗಿದ್ರೆ ಎರಡು. ಒಟ್ಟು ನಾಲ್ಕು ಮುಟ್ಟಿತೋ, ಬೆಕ್ಕಿಗೆ ನೋವಿದೆ ಅಂತ ಲೆಕ್ಕ. ಇದನ್ನೇ ಕಂಪ್ಯೂಟರಿಗೆ ಕಲಿಸ್ತಾ ಇದ್ದೀವಿ. ಮುಂದೆ ಯಾರಾದ್ರೂ ಫೋನ್ ಹಿಡಿದ್ರೆ ಸಾಕು, ನೋವಿದೆಯೋ ಇಲ್ವೋ ಅದೇ ಹೇಳ್ಬೇಕು. ನಾಯಿಯಾದ್ರೆ ಕುಂಯ್ ಅನ್ನುತ್ತೆ. ಬೆಕ್ಕಿಗೆ ಬಿಂಕ. ಪ್ರಾಣ ಹೋದ್ರೂ ಬಾಯಿ ಬಿಡಲ್ಲ.

ಮನೆಗೆ ಬಂದ್ರೂ ಚಾಳಿ ಬಿಡಲಿಲ್ಲ. ಬಾಗಿಲು ತೆಗೆದ ಗಂಡನ ಮುಖ ನೋಡಿದೆ. ಕಣ್ಣು ಅರ್ಧ ಮುಚ್ಚಿದೆ, ಒಂದು. ತಲೆ ಜೋತುಬಿದ್ದಿದೆ, ಎರಡು.

"ಮೂರು," ಅಂದೆ.

"ಏನು ಮೂರು?"

"ಇನ್ನೊಂದು ಬಂದ್ರೆ ಔಷಧಿ ಕೊಡ್ತೀನಿ."

"ಕಾಫಿ ಕೊಡು ತಾಯಿ, ಅದೇ ಔಷಧಿ" ಅಂದ.

ಅತ್ತೆ ಸೋಫಾದಲ್ಲಿ, ಪಕ್ಕದಲ್ಲಿ ಅವರ ದೊರೆ. ಕೇಸರಿ ಬಣ್ಣದ ಗಂಡುಬೆಕ್ಕು, ಹದಿಮೂರು ವರ್ಷ. ದೊರೆ ಅನ್ನೋದು ಅತ್ತೆ ಮಾತ್ರ. ನನಗೂ ಗಂಡನಿಗೂ ಅವನು ಸಿಡುಕಪ್ಪ. ನಾನು ಹತ್ರ ಹೋಗಿದ್ದೇ ತಡ, ಧೊಪ್ಪನೆ ಇಳಿದು ಕುರ್ಚಿ ಕೆಳಗೆ ನುಸುಳಿದ. ಅತ್ತೆಯದು ಎಂದಿನ ಡೈಲಾಗ್: "ನೀನು ಈ ಮನೆಗೆ ಬಂದಮೇಲೆ ನನ್ನ ದೊರೆ ಮುಖ ಗಂಟು ಹಾಕ್ಕೊಂಡಿದ್ದು. ಇನ್ನೂ ಬಿಚ್ಚಿಲ್ಲ."

ತಮಾಷೆಗೇ ಅನ್ನೋದು, ಗೊತ್ತು. ಆರು ವರ್ಷದಿಂದ ಕೇಳ್ತಾ ಇದ್ದೀನಿ. ಆದ್ರೂ ಪ್ರತಿ ಸಲ ಎಲ್ಲೋ ಒಂಚೂರು ಚುಚ್ಚುತ್ತೆ. ಕಂಡವರ ಬೆಕ್ಕಿಗೆಲ್ಲ ಡಾಕ್ಟರು, ಮನೆ ಬೆಕ್ಕಿಗೆ ಮಾತ್ರ ಬೇಡದವಳು.

ಮಾರ್ಚ್ 5, ಬುಧವಾರ

ನೋವಿರೋ ಬೆಕ್ಕುಗಳು ಬೇಕಾದಷ್ಟಿವೆ. ಆಪರೇಷನ್ ಆದವು, ಕಾಲು ಮುರಿದವು, ಹೊಟ್ಟೆ ಕೆಟ್ಟವು. ಆರೋಗ್ಯವಾಗಿರೋ ಬೆಕ್ಕುಗಳದ್ದೇ ಬರ. "ಚೆನ್ನಾಗಿರೋ ಬೆಕ್ಕನ್ನ ಆಸ್ಪತ್ರೆಗೆ ಯಾರ್ರೀ ತರ್ತಾರೆ?" ಅಂತ ಮೇಡಂ ಮೀಟಿಂಗಲ್ಲಿ ತಲೆ ಮೇಲೆ ಕೈ ಹೊತ್ತು ಕೂತರು. ಎರಡನ್ನೂ ತೋರಿಸದೆ ಕಂಪ್ಯೂಟರಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು? ಅವರು ಅಧ್ಯಯನದ ಮುಖ್ಯಸ್ಥೆ, ಹತ್ತು ಕಡೆಗೆ ಉತ್ತರ ಹೇಳ್ಬೇಕು.

"ನಮ್ಮನೇಲೊಂದಿದೆ" ಅಂದುಬಿಟ್ಟೆ. ಈ ನಾಲಿಗೆಗೆ ಬೀಗ ಇಲ್ಲ.

ಅತ್ತೆ ಒಪ್ಪೋಕೆ ಒಂದು ಗಂಟೆ ಸತಾಯಿಸಿದ್ರು. "ಫೋಟೋ ಮಾತ್ರ ತಾನೆ? ಸೂಜಿ ಗೀಜಿ ಅಂದ್ರೆ ಅಲ್ಲಿಂದಲೇ ವಾಪಸ್." ಆಮೇಲೆ ತಾವೇ ಕೂತು ಅವನ ಮೈ ಬಾಚಿದ್ರು. ಮುಖ ಬಾಚೋಕೆ ಮಾತ್ರ ಅವನು ಬಿಡಲಿಲ್ಲ. "ನಾಚಿಕೆ ಅವನಿಗೆ" ಅಂದ್ರು.

ಮಾರ್ಚ್ 7, ಶುಕ್ರವಾರ

ಸಿಡುಕಪ್ಪ ಆಸ್ಪತ್ರೆಗೆ ಬಂದ. ದಾರಿಯುದ್ದಕ್ಕೂ ಬುಟ್ಟಿಯೊಳಗಿಂದ ಶಾಪ. ಆರೋಗ್ಯವಾಗಿದ್ದಾನೆ ಅಂತ ಮೊದಲು ಒಬ್ಬ ಡಾಕ್ಟರು ನೋಡಿ ಸಹಿ ಹಾಕ್ಬೇಕು. ನಾನೇ ಹಾಕಿದೆ. ತೂಕ ಸರಿ, ಎದೆ ಸರಿ, ಜ್ವರ ಇಲ್ಲ. ಬಾಯಿ ಅಗಲಿಸೋಕೆ ಹೋದೆ, ಗ್ಲೌಸ್ ಹರಿದು ಕೈಗೆ ಕೊಟ್ಟ. ತುಟಿ ಸ್ವಲ್ಪ ಎತ್ತಿ ಮುಂದಿನ ಹಲ್ಲು ನೋಡಿದೆ, ಬೆಳ್ಳಗಿದ್ವು. ಹಲ್ಲು ಸರಿ — ಟಿಕ್. ಕಚ್ಚಿದ ಜೋರು ನೋಡಿದ್ರೆ ಹಲ್ಲಿಗೇನೂ ಆಗಿಲ್ಲ ಅಂದ್ಕೊಂಡೆ.

ಫೋಟೋ ತೆಗೆದವನು ನಮ್ಮ ಕನ್ನಡಕ. ಪ್ರೋಗ್ರಾಂ ಬರೆಯೋನು. ಅವನ ಮುಖದಲ್ಲಿ ಕನ್ನಡಕ ಬಿಟ್ಟು ಬೇರೇನೂ ಕಾಣಲ್ಲ, ಅದಕ್ಕೇ ಆ ಹೆಸರು. "ಏನ್ ಡಾಕ್ಟ್ರೇ, ನಿಮ್ಮ ಬೆಕ್ಕು ನನ್ನನ್ನ ಹೀಗೆ ನೋಡ್ತಾ ಇದೆ?"

"ಎಲ್ಲರನ್ನೂ ಹಾಗೇ ನೋಡೋದು. ತಲೆ ಕೆಡಿಸ್ಕೋಬೇಡಿ."

ಮಾರ್ಚ್ 11, ಮಂಗಳವಾರ

ಕೆಟ್ಟಿತು. ಪ್ರೋಗ್ರಾಂ ಎಲ್ಲ ಬೆಕ್ಕನ್ನೂ ಸರಿಯಾಗೇ ಹೇಳ್ತಾ ಇದೆ, ಒಂದನ್ನ ಬಿಟ್ಟು. ಆ ಒಂದು ಯಾರು ಅಂತ ಹೇಳ್ಬೇಕಾ? ಎಷ್ಟು ಫೋಟೋ ಹಾಕಿದ್ರೂ ನಮ್ಮ ಸಿಡುಕಪ್ಪನಿಗೆ ಐದು, ಆರು, ಐದು. ನೋವಿದೆಯಂತೆ!

"ಡಾಕ್ಟ್ರೇ, ನಿಮ್ಮ ಬೆಕ್ಕು ಕೆಟ್ಟಿದೆ" ಅಂದ ಕನ್ನಡಕ.

"ನಿಮ್ಮ ಪ್ರೋಗ್ರಾಂ ಕೆಟ್ಟಿದೆ. ಅವನ ಮುಖವೇ ಹಾಗೆ. ಹುಟ್ಟಾ ಸಿಡುಕ."

"ಹಾಗಂತ ಪ್ರೋಗ್ರಾಮಿಗೆ ಹೇಗೆ ಹೇಳ್ಲಿ?"

"ಅದು ನಿಮ್ಮ ಕೆಲಸ!"

ಜಗಳ ಕ್ಯಾಂಟೀನ್‌ವರೆಗೂ ಹೋಯ್ತು. ಬೆಳಕು ಸರಿಯಿಲ್ಲ ಅಂದೆ. ಅವನನ್ನ ಮತ್ತೆ ಹೊತ್ತು ತಂದು, ಲೈಟ್ ಬದಲಾಯಿಸಿದ್ದಾಯ್ತು. ಕ್ಯಾಮೆರಾ ಸರಿಯಿಲ್ಲ ಅಂದೆ. ಬದಲಾಯಿಸಿದ್ದಾಯ್ತು. ಆರು.

ಮನೇಲಿ ಹೇಳಿದ್ರೆ ಗಂಡ ಬಿದ್ದೂ ಬಿದ್ದೂ ನಕ್ಕ. "ನೋಡಮ್ಮ, ನಿನ್ನ ದೊರೆ ಕಂಪ್ಯೂಟರಿಗೇ ಮುಖ ಗಂಟು ಹಾಕಿದ್ದಾನೆ." ಅತ್ತೆ ಪಟ್ಟಂತ, "ಜೊತೇಲಿ ಇವಳಿದ್ದಳಲ್ಲ, ಅದಕ್ಕೇ" ಅಂದ್ರು. ನಾನೂ ನಕ್ಕೆ. ಬೇರೆ ಏನು ಮಾಡೋದು.

ಮಾರ್ಚ್ 20, ಗುರುವಾರ

ಬರೆಯೋಕೆ ಕೈ ಬರ್ತಾ ಇಲ್ಲ. ಬರೀತೀನಿ.

ನಮ್ಮಿಬ್ಬರ ಕಿತ್ತಾಟ ಮೇಡಂ ಕಿವಿಗೆ ಬಿದ್ದಿತ್ತು. "ಇಬ್ಬರೂ ಸುಮ್ನಿರಿ. ಮನುಷ್ಯರು ಅಂಕ ಕೊಡ್ಲಿ, ಯಾವ ಬೆಕ್ಕು ಅಂತ ತಿಳೀದೆ." ಫೋಟೋಗಳನ್ನೆಲ್ಲ ಮುಖದ ಅಳತೆಗೆ ಕತ್ತರಿಸಿ, ಬಣ್ಣ ತೆಗೆದು, ಕಲಸಿ, ನಮ್ಮ ಮುಂದೆ ಹಾಕಿದ್ರು. ಕೇಸರಿ ಹೋಗಿ ಎಲ್ಲಾ ಬೂದು. ಮೂರು ಜನ ಡಾಕ್ಟರು, ಮೂರು ಟೇಬಲ್. ಅದರಲ್ಲಿ ನಾನೂ ಒಬ್ಬಳು.

ಒಂದು ಬೆಕ್ಕಿನ ಹತ್ರ ನಿಂತೆ. ಕಿವಿ ಪಕ್ಕಕ್ಕೆ. ಕಣ್ಣು ಕಿರಿದು. ಮೂತಿ ಬಿಗಿದು ಉದ್ದವಾಗಿದೆ. ಅಯ್ಯೋ ಪಾಪ, ಇದಕ್ಕೆ ಎಷ್ಟು ನೋವಿರಬೇಕು ಅನ್ನಿಸ್ತು. ಬಾಯೊಳಗೇ ಏನೋ ಇದೆ ಅಂತ ಕೂಡ ಅನ್ನಿಸ್ತು. ಆರು ಕೊಟ್ಟೆ. ಪಕ್ಕದಲ್ಲಿ ಬರೆದೆ — ತಕ್ಷಣ ಔಷಧಿ ಕೊಡಬೇಕು.

ಮಧ್ಯಾಹ್ನ ಮೇಡಂ ಕರೆದು ಬಣ್ಣದ ಫೋಟೋ ತೋರಿಸಿದ್ರು. ಕೇಸರಿ.

ದಿನಾ ನೋಡೋ ಮುಖ. ಬಣ್ಣ ತೆಗೆದ್ರೆ ಗುರುತೇ ಸಿಗಲಿಲ್ಲ. ಗುರುತು ಸಿಕ್ಕಿದ್ರೆ ನೋವು ಕಾಣ್ತಾ ಇರಲಿಲ್ಲ. ಸಿಡುಕ ಅಂತ ಸೊನ್ನೆ ಕೊಟ್ಟು ಮುಂದೆ ಹೋಗ್ತಿದ್ದೆ.

ಕನ್ನಡಕ ಟೀ ತಂದು ಟೇಬಲ್ ಮೇಲಿಟ್ಟು ಹೋದ. ಬೈದಿದ್ರೇ ವಾಸಿ ಇತ್ತು.

ಮಾರ್ಚ್ 21, ಶುಕ್ರವಾರ

ಅತ್ತೆಗೆ ಹೇಳಿದೆ. ಅರಿವಳಿಕೆ ಕೊಟ್ಟು ಮಲಗಿಸಬೇಕು, ಬಾಯಿಗೆ ಎಕ್ಸ್‌ರೇ ತೆಗೀಬೇಕು, ಹಲ್ಲು ಕೆಟ್ಟಿದ್ರೆ ಕೀಳಬೇಕು.

"ಫೋಟೋ ಅಂದೆ. ಈಗ ಎಕ್ಸ್‌ರೇ ಅಂತೀಯ. ನಾಳೆ ಏನು, ತಲೆ ತೆಗೆದು ಜೋಡಿಸ್ತೀಯಾ?"

"ಅತ್ತೆ, ಅವನಿಗೆ ನೋವಿದೆ."

"ನನ್ನ ಪಕ್ಕ ಮಲಗೋನು. ನೋವಿದ್ರೆ ನನಗೆ ಗೊತ್ತಾಗಲ್ವಾ? ಊಟ ಬಿಟ್ಟಿದ್ದಾನಾ? ಅತ್ತಿದ್ದಾನಾ? ನಿನ್ನ ಕಂಪ್ಯೂಟರ್ ಹೇಳ್ತು ಅಂತ ಹದಿಮೂರು ವರ್ಷದ ಜೀವಾನ ಮಲಗಿಸಿಬಿಡ್ತೀಯಾ? ಎದ್ದೇಳದಿದ್ರೆ?"

ಅದೂ ನಿಜವೇ. ವಯಸ್ಸಾದ ಬೆಕ್ಕು. ಅರಿವಳಿಕೆ ಅಂದ್ರೆ ಅಪಾಯ ಇದ್ದೇ ಇದೆ. ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ. "ಏಳ್ತಾನೆ ಅಂತ ಪ್ರಮಾಣ ಮಾಡೋಕಾಗಲ್ಲ" ಅಂದೆ.

"ಹಾಗಿದ್ರೆ ಬೇಡ." ಬಾಗಿಲು ಹಾಕ್ಕೊಂಡ್ರು. ದೊರೆ ಒಳಗೆ, ನಾವು ಹೊರಗೆ.

ಮಾರ್ಚ್ 23, ಭಾನುವಾರ

ಬೆಳಿಗ್ಗೆ ಅತ್ತೆಯೇ ಬಂದು ಎದುರಿಗೆ ಕೂತ್ರು. "ಆ ಅಂಕ ಹೇಗೆ ಕೊಡೋದು, ನನಗೂ ಹೇಳಿಕೊಡು. ನಾನೇ ನೋಡ್ತೀನಿ."

ಹೇಳಿಕೊಟ್ಟೆ. ಅಬ್ಬಾ, ಎಂಥ ಶಿಷ್ಯೆ! ಅರ್ಧ ಗಂಟೇಲಿ ಮನೆ ಮಂದಿಗೆಲ್ಲ ಅಂಕ. ಮಗನಿಗೆ ಎರಡು. ಎದುರು ಮನೆಯಾಕೆಗೆ ಏಳು — "ಅವಳ ಮೂತಿ ಯಾವಾಗ್ಲೂ ಬಿಗಿದೇ ಇರುತ್ತೆ." ಟಿವಿಯಲ್ಲಿ ವಾರ್ತೆ ಓದೋನಿಗೆ ಮಾತ್ರ ತಕರಾರು: "ಇವನಿಗೆ ಮೀಸೇನೇ ಇಲ್ವಲ್ಲೇ, ಅದಕ್ಕೆ ಎಷ್ಟು ಹಾಕ್ಲಿ?" ಗಂಡ ನಕ್ಕೂ ನಕ್ಕೂ ಕಾಫಿ ಚೆಲ್ಲಿಕೊಂಡ.

ಆಮೇಲೆ ತಮ್ಮ ಫೋನ್ ತೆಗೆದ್ರು. ಹಳೇ ಫೋಟೋಗಳು. ಹಿಂದಕ್ಕೆ ಹಿಂದಕ್ಕೆ ತಳ್ತಾ ಹೋದ್ರು. ಪ್ರತಿಯೊಂದರಲ್ಲೂ ದೊರೆಯ ಮುಖ ದೊಡ್ಡದು ಮಾಡಿ, ಗಟ್ಟಿಯಾಗಿ ಅಂಕ ಹೇಳ್ತಾ. ಹೋದ ವರ್ಷದ್ದು — ಐದು. ಅದರ ಹಿಂದಿನದು — ಐದು. ಅದಕ್ಕೂ ಹಿಂದೆ — ನಾಲ್ಕು. ದನಿ ಇಳೀತಾ ಬಂತು. ಮೂರು. ಒಂದು.

"ಸೊನ್ನೆ" ಅಂದು ಅಲ್ಲೇ ನಿಲ್ಲಿಸಿದ್ರು.

ಇಣುಕಿದೆ. ನಾನು ಈ ಮನೆಗೆ ಬಂದ ಹೊಸತು. ನಾನು ಇದೇ ಸೋಫಾದಲ್ಲಿ ಕೂತಿದ್ದೀನಿ, ಕೂದಲು ಉದ್ದ ಇತ್ತು ಆಗ. ಮಡಿಲಲ್ಲಿ ದೊರೆ. ಕಿವಿ ನೆಟ್ಟಗೆ, ಕಣ್ಣು ದುಂಡಗೆ, ಮೀಸೆ ಸಡಿಲ. ನನಗೆ ಇದು ಮರೆತೇ ಹೋಗಿತ್ತು! ಎಷ್ಟು ಸಲ ಆ ಮಾತು ಕೇಳಿದೀನಿ ಅಂದ್ರೆ, ಮೊದಲ ದಿನದಿಂದಲೇ ಅವನು ನನ್ನ ಕಂಡ್ರೆ ಓಡ್ತಿದ್ದ ಅಂತ ನಾನೂ ನಂಬಿಬಿಟ್ಟಿದ್ದೆ.

ಅತ್ತೆ ಆ ಫೋಟೋ ನೋಡ್ತಾನೇ ಇದ್ರು.

"ನೀನು ಬಂದಾಗ ನಿನ್ನ ಮಡಿಲಲ್ಲೇ ಇದ್ದನಲ್ಲೇ."

"ಹೂಂ ಅತ್ತೆ."

"ಆಮೇಲೆ ಶುರುವಾಗಿದ್ದು ಇದು. ನಾನು ನಿನ್ನ ತಲೆಗೆ ಕಟ್ಟಿದೆ." ತಮ್ಮ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿದ್ರು. ತುಂಬಾ ಹೊತ್ತು ಒರೆಸಿದ್ರು. "ನನ್ನ ಪಕ್ಕದಲ್ಲೇ ಮಲಗ್ತಾನೆ, ನೋಡು. ನನಗೇ ಕಾಣಲಿಲ್ಲ."

"ನನಗೂ ಕಾಣಲಿಲ್ಲ ಅತ್ತೆ. ನಾನು ಡಾಕ್ಟರು."

"ಹಾಗಾದ್ರೆ ಇಬ್ಬರೂ ದಡ್ಡರೇ." ಮೂಗು ಸೀಟಿಕೊಂಡ್ರು. "ಕರ್ಕೊಂಡು ಹೋಗು. ವಾಪಸ್ ಕರ್ಕೊಂಡು ಬಾ. ಅಷ್ಟೆ."

ಮಾರ್ಚ್ 28, ಶುಕ್ರವಾರ, ಬೆಳಿಗ್ಗೆ 10

ಒಳಗೆ ಮಲಗಿಸಿದ್ದಾರೆ. ರಕ್ತ ಪರೀಕ್ಷೇಲಿ ಕಿಡ್ನಿ ಒಂಚೂರು ಸುಸ್ತು ಅಂತ ಬಂದಿತ್ತು, ಅದಕ್ಕೇ ನಿನ್ನೆಯಿಂದ ಡ್ರಿಪ್. ಹಲ್ಲಿನ ಡಾಕ್ಟರು ನನ್ನನ್ನ ಹೊರಗೆ ಕಳಿಸಿದ್ರು — "ನೀವು ಇವತ್ತು ಡಾಕ್ಟರಲ್ಲ, ಮನೆಯವರು." ಸರಿ. ಮನೆಯವರ ಬೆಂಚಲ್ಲಿ ಕೂತು ಬರೀತಾ ಇದ್ದೀನಿ. ಪಕ್ಕದಲ್ಲಿ ಅತ್ತೆ, ಮಡಿಲಲ್ಲಿ ಅವನ ಟವೆಲ್. ಅದನ್ನೇ ಮಡಿಸ್ತಾರೆ, ಬಿಚ್ತಾರೆ. ಸೂಜಿ ಬೇಡ ಅಂದವರು ಬೆಳಿಗ್ಗೆ ಸೂಜಿ ಚುಚ್ಚುವಾಗ ತಾವೇ ಕಾಲು ಹಿಡಿದ್ರು.

ನಾನು ದಿನಾ ಎಷ್ಟು ಜನರನ್ನ ಈ ಬೆಂಚಲ್ಲಿ ಕೂರಿಸ್ತೀನಿ. ಇಷ್ಟು ಗಟ್ಟಿ ಬೆಂಚು ಅಂತ ಗೊತ್ತಿರಲಿಲ್ಲ.

ಅತ್ತೆ ಈಗ ನನ್ನ ಮುಖ ನೋಡಿ, "ಎಂಟು" ಅಂದ್ರು. "ನಿಮ್ಮದು ಒಂಬತ್ತು" ಅಂದೆ. ಕೈ ಹಿಡ್ಕೊಂಡ್ರು.

ಅದೇ ದಿನ, ಮಧ್ಯಾಹ್ನ

ಎದ್ದ!! ಎದ್ದವನೇ ನರ್ಸಿಗೆ ಉಗಿದ. ಅತ್ತೆಗೆ ಅಷ್ಟು ಖುಷಿ ನಾನು ಯಾವತ್ತೂ ನೋಡಿಲ್ಲ — "ಉಗಿದನಾ? ಉಗಿದನಾ? ನನ್ನ ಬಂಗಾರ!"

ಎಡಗಡೆ ಕೆಳಗೆ, ಹಿಂದಿನ ಎರಡು ಹಲ್ಲು. ಮೇಲಿಂದ ನೋಡಿದ್ರೆ ಅಲ್ಲೊಂದು ಕೆಂಪು ಚುಕ್ಕೆ ಅಷ್ಟೆ. ಎಕ್ಸ್‌ರೇಯಲ್ಲಿ ಒಸಡಿನ ಕೆಳಗೆ ಹಲ್ಲಿನ ಬೇರೇ ಇಲ್ಲ, ಕರಗಿ ತೂತು ತೂತು. ಬೆಕ್ಕುಗಳಲ್ಲಿ ಇದು ಮಾಮೂಲಿ, ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ನಾನೇ ಹೇಳ್ತೀನಿ. ಹಲ್ಲಿನ ಡಾಕ್ಟರು ಎರಡನ್ನೂ ಡಬ್ಬೀಲಿ ಹಾಕಿ ಕೊಟ್ಟರು. ಅತ್ತೆ ಡಬ್ಬಿ ತೆಗೆದು ಹಲ್ಲಿಗೇ ಬೈದ್ರು: "ಇಷ್ಟುದ್ದ ಇದ್ದೀರ, ಎಷ್ಟು ಗೋಳು ಹುಯ್ಕೊಂಡ್ರಲ್ಲೋ ನನ್ನ ಮಗೂನ!"

ಏಪ್ರಿಲ್ 11, ಶುಕ್ರವಾರ

ದಿನಚರಿಗೆ ಪುರುಸೊತ್ತೇ ಇರಲಿಲ್ಲ. ಎರಡು ವಾರ ದೊರೆಗೆ ಮೆತ್ತಗಿನ ಮೀನು, ಹೊತ್ತಿಗೆ ಸರಿಯಾಗಿ ಔಷಧಿ, ಅತ್ತೆಯ ಕಾವಲು.

ಇವತ್ತು ಮತ್ತೆ ಫೋಟೋ. ಕನ್ನಡಕ ಪ್ರೋಗ್ರಾಮಿಗೆ ಹಾಕಿ, ಸ್ಕ್ರೀನ್ ನನ್ನ ಕಡೆ ತಿರುಗಿಸಿದ. ಒಂದು. ಇನ್ನೊಂದು ಫೋಟೋ. ಸೊನ್ನೆ. ಮೇಡಂ ಅವನನ್ನ ಆರೋಗ್ಯವಂತರ ಗುಂಪಿನಿಂದ ತೆಗೆದು, ಚಿಕಿತ್ಸೆಗೆ ಮೊದಲು-ಆಮೇಲೆ ಅನ್ನೋ ಗುಂಪಿಗೆ ಹಾಕಿದ್ದಾರೆ. ಇಡೀ ಅಧ್ಯಯನದಲ್ಲಿ ಇಷ್ಟು ಚೆನ್ನಾಗಿರೋ ಫೋಟೋ ಜೋಡಿ ಇಲ್ವಂತೆ. ನನಗೂ ಒಂದು ಹೊಸ ಕಾನೂನು — ಸ್ವಂತ ಬೆಕ್ಕಿಗೆ ಸ್ವಂತ ಸಹಿ ಇಲ್ಲ. ತೆಪ್ಪಗೆ ಒಪ್ಪಿಕೊಂಡೆ. ಕನ್ನಡಕನ ಪ್ರೋಗ್ರಾಮಿಗೆ ಕೈಮುಗಿದು ಕ್ಷಮೆ ಕೇಳಿದೆ, ಎಲ್ಲರ ಎದುರಿಗೆ. "ಅದಕ್ಕೆ ಕೇಳಿಸಲ್ಲ ಡಾಕ್ಟ್ರೇ, ನನಗೆ ಊಟ ಕೊಡಿಸಿ" ಅಂದ.

ಏಪ್ರಿಲ್ 13, ಭಾನುವಾರ, ಸಂಜೆ

ಸೋಫಾದಲ್ಲಿ ಕೂತು ಬರೀತಾ ಇದ್ದೀನಿ. ಗಂಡ ಪಾತ್ರೆ ತೊಳೀತಾ ಇದ್ದಾನೆ, ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ಅವನ ತಪ್ಪು ಎತ್ತಿ ಹೇಳ್ತಾ ಇದ್ದಾರೆ. ದೊರೆ ಈಗ ಕುರ್ಚಿ ಕೆಳಗಿನಿಂದ ಬಂದ. ಪೆನ್ನಿನ ತುದಿ ಮೂಸಿದ. ಸುಮ್ಮನೆ ಬರೀತಾ ಇದ್ದೀನಿ, ನೋಡಿದ್ರೆ ಹೋಗ್ತಾನೇನೋ ಅಂತ.

ಹತ್ತಿದ. ಮಡಿಲಿಗೆ. ಭಾರ ಇದ್ದಾನೆ, ಕಳ್ಳ.

ಅತ್ತೆ ನೋಡಿಬಿಟ್ಟರು. ಫೋನ್ ಹಿಡಿದು ಬರ್ತಾ ಇದ್ದಾರೆ. "ಅಲ್ಲಾಡಬೇಡ್ವೇ!" ಅಂತ ಪಿಸುಮಾತಲ್ಲೇ ಗದರಿಸಿ... "ಅವನದು ಸೊನ್ನೆ. ನಿನ್ನದೂ ಸೊನ್ನೆ... ಅಯ್ಯೋ, ಅಳ್ತಾ ಇದ್ದೀಯೇನೇ? ಇರು, ಲೆಕ್ಕ ತಪ್ಪಿತು."

ಗುರ್‌ಗುಟ್ಟುತ್ತಾ ಇದ್ದಾನೆ. ಈಗ ಪೆನ್ನು ಹಿಡಿದ ಕೈ ಮೇಲೆ ಕೆನ್ನೆ ಒತ್ತಿ ಉಜ್ಜುತ್ತಾ ಇದ್ದಾನೆ. ಎಡಗೆನ್ನೆ. ಯಾರಿಗೂ ಮುಟ್ಟೋಕೆ ಬಿಡದೆ ಇದ್ದದ್ದು. ಇನ್ನು ಕೈ ಆಡಿಸಿದ್ರೆ ಎದ್ದು ಹೋಗ್ತಾನೆ, ಅದಕ್ಕೇ