ಬಿಚ್ಚಿದ ಬತ್ತಿಗಳು

ಮುಳಬಾಗಿಲು
6 ನವೆಂಬರ್ 2024

ಪ್ರೀತಿಯ ವೈಜು,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಕೈ ಒಪ್ಪಲಿಲ್ಲ. ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಚೆನ್ನಾಗಿದ್ದಾರೆ. ಮಾಲೂರಿನಲ್ಲಿ ನೀನು, ನಿಮ್ಮವರು, ಮಕ್ಕಳು ಸೌಖ್ಯವೆಂದು ನಂಬಿದ್ದೇನೆ. ನಾಲ್ಕು ತಿಂಗಳಿಂದ ನಿನ್ನ ಮೆಸೇಜುಗಳಿಗೆಲ್ಲ ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿ ಸುಮ್ಮನಾಗಿಬಿಟ್ಟೆ, ನಿನಗೆ ಕೋಪ ಬಂದಿರಬೇಕು. ನನ್ನ ನಿಜವಾದ ಹೆಬ್ಬೆಟ್ಟು ಮಡಚುತ್ತಲೇ ಇರಲಿಲ್ಲ ಕಣೇ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಪಿಸುಗುಟ್ಟಿದರೂ ಮೂರು ಕೋಣೆಗೆ ಕೇಳುತ್ತದೆ. ಕೋಲಾರದ ಡಾಕ್ಟರು ಬೆರಳಿಗೆ ವ್ಯಾಯಾಮವಾಗಲಿ, ದಿನಕ್ಕೊಂದು ಪುಟ ಬರೆಯಿರಿ ಎಂದಿದ್ದಾರೆ. ರಾಮನಾಮ ಬರೆಯುತ್ತೇನೆಂದು ಮನೆಯಲ್ಲಿ ಹೇಳಿ ನಿನಗೆ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಹೈಸ್ಕೂಲಿನಲ್ಲಿ ನಿನ್ನ ರೆಕಾರ್ಡ್ ಬುಕ್ಕಿಗೆಲ್ಲ ಹೆಡ್ಡಿಂಗ್ ಬರೆದುಕೊಟ್ಟ ಕೈ ಇದು.

ಆಷಾಢದಲ್ಲಿ ನನಗೂ ಮೃದುಲಾಗೂ ಒಂದೇ ವಾರ ಚಿಕುನ್‌ಗುನ್ಯ ಬಂತು. ಮೃದುಲಾ ಗೊತ್ತಲ್ಲ, ನನ್ನ ಮೈದುನ ಸುಮಧ್ವನ ಹೆಂಡತಿ, ಗೌನಿಪಲ್ಲಿಯವಳು. ಮಾತಿಗೊಂದು ಸಲ ‘ಪರವಾಗಿಲ್ಲ’ ಅನ್ನುವುದನ್ನು ತೆಲುಗಿನಲ್ಲಿ ‘ಪರವಾಲೇದು’ ಅನ್ನುತ್ತಾಳೆ. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿದ್ದೆವು, ಒಂದೇ ಕಷಾಯ ಕುಡಿದೆವು. ಅವಳು ಹತ್ತನೇ ದಿನ ಎದ್ದು ತಲೆಗೆ ನೀರು ಹಾಕಿಕೊಂಡು ನರ್ಸರಿ ಶಾಲೆಗೆ ಪಾಠ ಮಾಡಲು ಹೊರಟಳು. ನಾನು ಇವತ್ತಿಗೂ ಬೆಳಿಗ್ಗೆ ಎದ್ದರೆ ಹಿಮ್ಮಡಿ ನೆಲಕ್ಕೆ ಊರಲಾರೆ. ಗೋಡೆ ಹಿಡಿದು ಬಚ್ಚಲಿಗೆ ಹೋಗಬೇಕು. ನಲ್ಲಿ ತಿರುಗುವುದಿಲ್ಲ, ಕುಕ್ಕರಿನ ಮುಚ್ಚಳ ಕೂರುವುದಿಲ್ಲ, ತುಂಬಿದ ತಂಬಿಗೆ ಎತ್ತಿದರೆ ಅರ್ಧ ದಾರಿಯಲ್ಲಿ ಕೈ ಬಿಟ್ಟುಬಿಡುತ್ತದೆ. ಬೆರಳು ಊದಿ ಮದುವೆಯ ಉಂಗುರವನ್ನು ಅಕ್ಕಸಾಲಿಗರ ಹತ್ತಿರ ಕತ್ತರಿಸಿಯೇ ತೆಗೆಸಬೇಕಾಯಿತು. ಹತ್ತು ಗಂಟೆಯ ಹೊತ್ತಿಗೆ ಕೀಲುಗಳು ಸ್ವಲ್ಪ ಸಡಿಲವಾಗುತ್ತವೆ, ಆಗ ನೋಡಿದವರೆಲ್ಲ “ನೋಡೋಕೆ ಚೆನ್ನಾಗೇ ಇದ್ದೀರಲ್ಲ” ಅನ್ನುತ್ತಾರೆ. ಅತ್ತೆಯಂತೂ ದಿನಕ್ಕೆರಡು ಸಲ, “ಪಾಪ, ಮೃದುಲಾಗೂ ಇದೇ ಜ್ವರ ತಾನೇ ಬಂದಿದ್ದು?” ಎಂದು ಗಾಳಿಗೆ ಹೇಳಿದಂತೆ ಹೇಳುತ್ತಾರೆ. ‘ಪಾಪ’ ಅವಳಿಗೆ, ಪ್ರಶ್ನೆ ನನಗೆ.

ಡಾಕ್ಟರು, “ಕೆಲವರಿಗೆ ಆರು ತಿಂಗಳು ಹಿಡಿಯುತ್ತಮ್ಮ, ಕೆಲವರಿಗೆ ವರ್ಷ” ಅಂದರು. “ಕೆಲವರಿಗೆ ಹತ್ತೇ ದಿನ ಯಾಕೆ ಸಾರ್?” ಅಂತ ಕೇಳಿಬಿಟ್ಟೆ. ಇವರು ಪಕ್ಕದಲ್ಲಿ ಕೂತು ಕೆಮ್ಮಿದರು.

ನನಗೆ ಹೊಟ್ಟೆಕಿಚ್ಚು, ವೈಜು. ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಮೃದುಲಾ ಹಿಟ್ಟು ನಾದುವಾಗ ಅವಳ ಮಣಿಕಟ್ಟು ನೋಡುತ್ತೇನೆ. ಒದ್ದೆ ಬೆಡ್‌ಶೀಟನ್ನು ಒಬ್ಬಳೇ ಹಿಂಡಿ ಝಾಡಿಸಿ ಒಣಹಾಕುವಾಗ ನೋಡುತ್ತೇನೆ. ಹದಿನೈದು ವರ್ಷ ನಾನು ನಡೆಸಿದ ಅಡಿಗೆಮನೆಯಲ್ಲಿ ಡಬ್ಬಗಳ ಜಾಗವೆಲ್ಲ ಬದಲಾಗಿದೆ. “ಅಕ್ಕ, ನೀವು ಕೂತ್ಕೊಳಿ, ಪರವಾಲೇದು, ನಾನು ಮಾಡ್ತೀನಿ” ಅನ್ನುತ್ತಾಳೆ. ಕೂತು ಕೂತು ಮೈಯೆಲ್ಲ ಉರಿಯುತ್ತದೆ. ಕೆಟ್ಟವಳಾಗಿದ್ದರೆ ನಾಲ್ಕು ಮಾತು ಆಡಿ ಹಗುರಾಗಬಹುದಿತ್ತು. ಆ ಭಾಗ್ಯವನ್ನೂ ಕೊಡುವವಳಲ್ಲ.

ಎಲ್ಲಕ್ಕಿಂತ ಹೆಚ್ಚು ಉರಿಸುವುದು ನನ್ನ ಮೇಧಾಳ ಜಡೆ. ಎಂಟನೇ ಕ್ಲಾಸಿನಲ್ಲೂ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ ಮೇಲೆತ್ತಿಯೇ ಕಳಿಸಬೇಕು ಅವಳ ಶಾಲೆಗೆ. ಒಂದು ದಿನವೂ ನಾನು ಇನ್ನೊಬ್ಬರ ಕೈಗೆ ಅವಳ ತಲೆ ಕೊಟ್ಟವಳಲ್ಲ. ಜ್ವರ ಬಂದ ಮೇಲೆ ಅವಳ ಚಿಕ್ಕಮ್ಮ ಮೃದುಲಾ ಹಾಕತೊಡಗಿದಳು. ಮೊದಲ ವಾರವೇ ನನ್ನ ಮಗಳು, “ಅಮ್ಮ, ಚಿಕ್ಕಮ್ಮ ಬಾಚಿದ್ರೆ ಎಳೆಯೋದೇ ಇಲ್ಲ ಗೊತ್ತಾ!” ಅಂದಳು. ಈಗ ಇಬ್ಬರೂ ಮೆಟ್ಟಿಲ ಮೇಲೆ ಕೂತು ಅದೇನೋ ಹೇಳಿಕೊಂಡು ನಗುತ್ತಾರೆ. ನಾನು ಹತ್ತಿರ ಹೋದರೆ ನಗು ನಿಲ್ಲುತ್ತದೆ.

ಇನ್ನು ಬತ್ತಿಯ ವಿಷಯ. ನಾನು ಲಕ್ಷಬತ್ತಿಯ ಹರಕೆ ಹೊತ್ತಿದ್ದು ನಿನಗೆ ಗೊತ್ತು. ಎರಡು ವರ್ಷದ ಹಿಂದೆ ಸಂಕಷ್ಟಿಯ ದಿನ ಕುರುಡುಮಲೆ ಗಣಪನ ಮುಂದೆ ನಿಂತು ಸಂಕಲ್ಪ ಮಾಡಿದ್ದೆ. ಅರಳೆಯ ಬೀಜ ಬಿಡಿಸಿ, ಚಿಟಿಕೆ ಚಿಟಿಕೆ ಹತ್ತಿ ಉಂಡೆ ಮಾಡಿ, ತುದಿ ಹೊಸೆದು, ಒಂದೊಂದೇ ಹೂಬತ್ತಿ. ತೊಂಬತ್ತೆರಡು ಸಾವಿರ ನನ್ನ ಈ ಬೆರಳುಗಳಲ್ಲೇ ಆಗಿತ್ತು. ಈ ಕಾರ್ತಿಕದ ತುಳಸಿ ಹಬ್ಬಕ್ಕೆ ಹಚ್ಚಬೇಕೆಂದಿದ್ದೆ. ಅಷ್ಟರಲ್ಲಿ ಜ್ವರ. ಉಳಿದ ಎಂಟು ಸಾವಿರಕ್ಕೆ ಯಾರು ಮುಂದೆ ಬಂದರು ಹೇಳು? ಅವಳೇ. “ಹರಕೆ ಏನಂತ ಕೇಳಲ್ಲ ಅಕ್ಕ. ಹೇಳಿದ್ರೆ ಫಲ ಹೋಗತ್ತಂತೆ. ಅಕ್ಕಂಗೆ ಏನು ಬೇಕೋ ಅದು ಆಗ್ಲಿ ಅಂತ ಹೊಸೀತೀನಿ” ಅಂದಳು. ಇವರು ಊಟದ ಎಲೆಯ ಮುಂದೆಯೇ, “ಎಂಥಾ ಮನಸ್ಸು ನೋಡು” ಎಂದು ಹೊಗಳಿದರು. ತೊಂಬತ್ತೆರಡು ಸಾವಿರ ಹೊಸೆಯುವಾಗ ನನ್ನ ಮನಸ್ಸಿನ ಸುದ್ದಿ ಈ ಮಹಾರಾಯರಿಗೆ ನೆನಪಾಗಿರಲಿಲ್ಲ.

ಸಂಜೆ ಹೊತ್ತು ಅವಳು ನಡುಮನೆಯಲ್ಲಿ ಕೂತು ಇನ್ನೂರು ಬತ್ತಿ ಹೊಸೆದು ಬೆತ್ತದ ತಟ್ಟೆಯಲ್ಲಿ ನನ್ನ ಮಂಚದ ಹತ್ತಿರ ಇಟ್ಟು ಹೋಗುತ್ತಿದ್ದಳು. ಎಷ್ಟಾಯಿತೆಂದು ಮೇಧಾ ಕ್ಯಾಲೆಂಡರಿನಲ್ಲಿ ಬರೆಯುವಳು. ಒಂದು ಬೆಳಿಗ್ಗೆ ಎಲ್ಲರೂ ಹೊರಗೆ ಹೋದ ಮೇಲೆ ಒಂದು ಬತ್ತಿ ಎತ್ತಿಕೊಂಡೆ. ಅಚ್ಚುಕಟ್ಟಾಗಿತ್ತು, ನನ್ನದಕ್ಕಿಂತ ಅಚ್ಚುಕಟ್ಟು. ಏನಾಯಿತೋ, ತುದಿ ಹಿಡಿದು ಬಿಚ್ಚಿಬಿಟ್ಟೆ. ನೋವಿಗೆ ಕಣ್ಣಲ್ಲಿ ನೀರು ಬಂತು, ಆದರೂ ಬಿಚ್ಚಿದೆ. ಆಮೇಲೆ ಇನ್ನೊಂದು. ಮೊದಲ ದಿನ ಹನ್ನೆರಡು ಬಿಚ್ಚುವುದರೊಳಗೆ ಸುಸ್ತಾಗಿ ಮಲಗಿದೆ. ಹತ್ತಿಯನ್ನು ಮತ್ತೆ ಡಬ್ಬಕ್ಕೆ ತುರುಕಿದೆ. ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಐವತ್ತಾಯಿತು. ಹೊಸೆಯಲು ಬಾರದ ಬೆರಳಿಗೆ ಬಿಚ್ಚಲು ಬರುತ್ತಿತ್ತು. ಅವಳ ಕೆಲಸ ಹಾಳಾದಷ್ಟೂ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು ಎಂದರೆ ನನ್ನನ್ನು ಏನೆಂದುಕೊಳ್ಳುತ್ತೀಯೋ!

ಒಮ್ಮೆ ಮೇಧಾ, “ಚಿಕ್ಕಮ್ಮ, ನೆನ್ನೆ ಇನ್ನೂರು ಬರೆದಿದ್ದೆ, ತಟ್ಟೇಲಿ ನೂರ ನಲವತ್ತೇ ಇದೆ” ಎಂದು ಕೂಗಿದಳು. ನಾನು ಹೊದಿಕೆ ಎಳೆದುಕೊಂಡು ಗೋಡೆ ಕಡೆ ತಿರುಗಿದೆ. ಮೃದುಲಾ ಒಗ್ಗರಣೆ ಹಾಕುತ್ತಲೇ, “ನಾನೇ ತಪ್ಪು ಎಣಿಸಿದೆ ಕಣೇ” ಅಂದುಬಿಟ್ಟಳು. ಎಣಿಕೆ ಕೂಡ ಬಾರದ ಟೀಚರ್ ಎಂದು ಮನಸ್ಸಿನಲ್ಲೇ ನಕ್ಕೆ.

ಕಳೆದ ವಾರ ಒಂದು ಬತ್ತಿ ಎಷ್ಟು ಎಳೆದರೂ ಬಿಡಲೊಲ್ಲದು. ಉಗುರು ಹಾಕಿದೆ, ಆಗಲಿಲ್ಲ. ಸಿಟ್ಟು ಬಂದು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದೆ. ಬಾಗಿಲಲ್ಲಿ ಮೃದುಲಾ ನಿಂತಿದ್ದಳು. ಶಾಲೆಗೆ ಅರ್ಧ ದಿನ ರಜೆಯಂತೆ. ಮಡಿಲ ತುಂಬ ಬಿಚ್ಚಿದ ಹತ್ತಿ, ಬಾಯಲ್ಲಿ ಬತ್ತಿ. ನನ್ನ ಸ್ಥಿತಿ ಊಹಿಸಿಕೋ.

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಪಕ್ಕದಲ್ಲೇ ಕೂತಳು. “ಹಲ್ಲು ಹಾಕ್ಬೇಡಿ ಅಕ್ಕ. ನೆನ್ನೇದು ಹಾಲು ಮುಟ್ಟಿಸಿ ಹೊಸೆದಿದ್ದೀನಿ, ಬಿಗಿ ಇರತ್ತೆ. ನಿಧಾನವಾಗಿ ಬಿಚ್ಚಿ.”

“ನಿನಗೆ ಗೊತ್ತಿತ್ತಾ?”

“ಮೂರನೇ ದಿನಾನೇ ಗೊತ್ತಾಯ್ತು. ಡಾಕ್ಟ್ರು ಬೆರಳಿಗೆ ಸಣ್ಣ ಸಣ್ಣ ಕೆಲಸ ಕೊಡಿ ಅಂದಿದ್ರಲ್ಲ. ಹಿಸುಕೋಕೆ ಚೆಂಡು ತಂದ್ಕೊಟ್ರೆ ನೀವು ಮೂಲೆಗೆ ಎಸೆದ್ರಿ. ಇದನ್ನಾದ್ರೆ ದಿನಾ ಮಾಡ್ತಿದ್ರಿ. ಅದಕ್ಕೆ ಮೊದಮೊದಲು ಸಡಿಲವಾಗಿ ಹೊಸೀತಿದ್ದೆ, ಆಮೇಲಾಮೇಲೆ ಬಿಗಿ ಮಾಡ್ತಾ ಬಂದೆ.”

“ಹಾಗಾದ್ರೆ ಹರಕೆ?”

“ಹರಕೇವು ಬೇರೆ ಡಬ್ಬದಲ್ಲಿವೆ ಅಕ್ಕ. ಶಾಲೇಲಿ ಮಕ್ಕಳು ಮಲಗಿದಾಗ ಹೊಸೀತಿದ್ದೆ. ಮೊನ್ನೆಗೆ ಎಂಟು ಸಾವಿರಾನೂ ಮುಗೀತು. ತಟ್ಟೇಲಿರೋದು ನಿಮ್ಮ ಕೈಗೆ ಅಂತ ಇಟ್ಟಿದ್ದು. ಪರವಾಲೇದು, ಬಿಚ್ಚಿ.”

ಒಂದು ಮಾತು ಬೈದಿದ್ದರೆ ಕಾಲು ಹಿಡಿದು ಅತ್ತುಬಿಡುತ್ತಿದ್ದೆ. ನನ್ನ ಕಳ್ಳತನವನ್ನೂ ಅವಳೇ ಸಾಂಗವಾಗಿ ನಡೆಸಿಕೊಟ್ಟಿದ್ದಾಳೆ ನೋಡು! ಹೊಟ್ಟೆಕಿಚ್ಚು ಕಡಿಮೆಯಾಯಿತೇ ಎಂದು ಕೇಳಬೇಡ. ಹೆಚ್ಚಾಯಿತು. ಇಷ್ಟು ಒಳ್ಳೆಯವಳಾಗಲು ಇವಳಿಗೆ ಶಕ್ತಿ ಎಲ್ಲಿಂದ ಬರುತ್ತದೆ? ಇಬ್ಬರೂ ಕುಡಿದದ್ದು ಒಂದೇ ಕಷಾಯ ತಾನೇ?

ಆದರೆ ಕೈ ಮಾತ್ರ ಸುಧಾರಿಸಿದೆ. ಈ ಕಾಗದವೇ ಸಾಕ್ಷಿ. ಇವತ್ತು ಬೆಳಿಗ್ಗೆ ನಾನೇ ಬಾಚಣಿಗೆ ಹಿಡಿದು ಮೆಟ್ಟಿಲ ಮೇಲೆ ಕೂತು, “ಬಾರೇ, ಜಡೆ ಹಾಕ್ತೀನಿ” ಎಂದು ಮೇಧಾಳನ್ನು ಕರೆದೆ. ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, “ಬೇಡಮ್ಮ, ನಿಂಗೆ ನೋವಾಗತ್ತೆ. ಚಿಕ್ಕಮ್ಮ ಹಾಕ್ತಾರೆ ಬಿಡು” ಅಂದಳು. ಅಷ್ಟು ಮೃದುವಾಗಿ ಮಾತಾಡಲು ಯಾರಿಂದ ಕಲಿತಳೆಂದು ನಾನು ಹೇಳಬೇಕಾಗಿಲ್ಲ.

ಮುಂದಿನ ಬುಧವಾರ ತುಳಸಿ ಹಬ್ಬ. ಸಂಜೆ ಲಕ್ಷಬತ್ತಿ ಹಚ್ಚುತ್ತೇವೆ. ನೀನು ಬಂದರೆ ನನಗೆ ಧೈರ್ಯ. ಬಸ್ಸಿನಲ್ಲಿ ಬಾ, ಕಾರಿಗೆ ಕಾಯಬೇಡ. ನಿಮ್ಮವರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಅವರಿಗೆ ಸೊಳ್ಳೆ ಕಚ್ಚದಂತೆ ನೋಡಿಕೋ. ಡ್ರಮ್ಮಿನ ನೀರು ಮುಚ್ಚಿಡು. ಒಂದು ಸೊಳ್ಳೆ ಒಂದು ಸಂಸಾರದಲ್ಲಿ ಏನೇನು ಮಾಡಬಲ್ಲದು ಎಂದು ನನ್ನನ್ನು ನೋಡಿ ತಿಳಿ.

ಇಂತಿ ನಿನ್ನ,
ಅನಂತು

ತಾ.ಕ.: ಕಾಗದ ಮಡಚಿ ಕವರಿಗೆ ಹಾಕಿದ್ದೆ, ಮತ್ತೆ ತೆಗೆದೆ. ಹರಕೆ ಏನೆಂದು ನಿನಗೂ ಹೇಳಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾದರೂ ಮೃದುಲಾಗೆ ಮಕ್ಕಳಾಗಿಲ್ಲ. ಅವಳಿಗೊಂದು ಮಗು ಕೊಡು ಎಂದೇ ನಾನು ಲಕ್ಷಬತ್ತಿ ಹೊತ್ತಿದ್ದು. ಕೇಳಿದರೆ ನೀನೂ ಇವರ ಹಾಗೆ ‘ಎಂಥಾ ಮನಸ್ಸು’ ಅನ್ನುತ್ತೀಯ. ಅನ್ನಬೇಡ. ಹರಕೆ ಹೊತ್ತ ಕಾಲಕ್ಕಾಗಲೇ ಮೇಧಾ ಶಾಲೆಯಿಂದ ಬಂದವಳು ಮೊದಲು ಚಿಕ್ಕಮ್ಮನ ಕೋಣೆಗೆ ಓಡುತ್ತಿದ್ದಳು. ಮೃದುಲಾಗೆ ಅವಳದ್ದೇ ಒಂದು ಮಗುವಾಗಲಿ, ನನ್ನ ಮಗಳನ್ನು ನನಗೆ ಬಿಡಲಿ, ಗಣಪನ ಮುಂದೆ ನಾನು ಬೇಡಿಕೊಂಡದ್ದು ಇಷ್ಟೇ. ಅದು ತಿಳಿಯದೆ ಅವಳು ‘ಅಕ್ಕಂಗೆ ಏನು ಬೇಕೋ ಅದು ಆಗ್ಲಿ’ ಎಂದು ಎಂಟು ಸಾವಿರ ಸಲ ಕೇಳಿಕೊಂಡಿದ್ದಾಳೆ. ಬುಧವಾರ ಅವಳು ನನ್ನ ಪಕ್ಕದಲ್ಲೇ ನಿಂತು ದೀಪ ಹಚ್ಚುತ್ತಾಳೆ. ನೀನು ನಮ್ಮಿಬ್ಬರ ನಡುವೆ ನಿಲ್ಲು, ವೈಜು.