ಬಾಯಲ್ಲಿ ನೀರು ಹಿಡಿದ ದಿನ

ಕೊಡಿಗೇಹಳ್ಳಿ, ಯಲಹಂಕ ಹೋಬಳಿ
16-2-1960, ಮಂಗಳವಾರ

ಒಡಹುಟ್ಟಿದ ತಮ್ಮ ಪಿಳ್ಳಣ್ಣನಿಗೆ ನಿನ್ನ ಅಣ್ಣನ ಆಶೀರ್ವಾದ.

ಹೇಗಿದ್ದೀಯಪ್ಪಾ? ಬೊಂಬಾಯಿಯ ನೀರು ಮೈಗೆ ಹಿಡಿಯಿತೇ, ಕೆಮ್ಮು ನಿಂತಿತೇ, ಹಡಗಿನ ಮೂಟೆ ಹೊತ್ತು ಹೊತ್ತು ಹೆಗಲು ಜಡ್ಡುಗಟ್ಟಿತೇ? ನಿನ್ನ ಕೊನೆಯ ಕಾರ್ಡು ಬಂದು ಹದಿನಾಲ್ಕು ತಿಂಗಳಾಯಿತು. ಅದರಲ್ಲಿದ್ದ ಬಂದರಿನ ವಿಳಾಸಕ್ಕೆ ನಾನು ಬರೆದ ಐದು ಕಾಗದಗಳೂ ವಾಪಸು ಬರಲಿಲ್ಲ. ವಾಪಸು ಬರದ ಕಾಗದ ಯಾರದೋ ಕೈ ಸೇರಿದೆ ಎಂದೇ ನನ್ನ ನಂಬಿಕೆ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಎಡಗಣ್ಣಿಗೆ ಪೊರೆ ಬಂದಿದೆ, ಆದರೂ ಸೊಪ್ಪು ಸೋಸುವಾಗ ಒಂದು ಹುಲ್ಲೆಸಳು ಅವಳ ಕೈ ತಪ್ಪಿಸಿಕೊಳ್ಳುವುದಿಲ್ಲ. ನಿನ್ನ ಹೆಂಡತಿ ಗಂಗರತ್ನಮ್ಮ ಚೆನ್ನಾಗಿದ್ದಾಳೆ. ನನ್ನ ಗಂಟಲಂತೂ ಕೇಳಲೇಬೇಡ! ನಾಟಕದಲ್ಲಿ ರಾಜಾಪಾರ್ಟು ಕಟ್ಟುವುದು ಬಿಟ್ಟು ಎಂಟು ವರ್ಷವಾದರೂ, ನಾನು ಬಾಗಿಲಲ್ಲಿ ನಿಂತು ಸೀನಿದರೆ ಹೆಬ್ಬಾಳದ ಕೆರೆಯಲ್ಲಿ ಕೊಕ್ಕರೆಗಳು ಏಳುತ್ತವೆ ಎಂದು ಜಟಕಾ ಖಾದರ್ ಬಾಷಾ ಈಗಲೂ ರೇಗಿಸುತ್ತಾನೆ.

ಇನ್ನು ಪರದೆ ಎಳೆಯುತ್ತೇನೆ, ಕೇಳು ತಮ್ಮಯ್ಯಾ, ಕೇಳು! ನೀನು ಕಟ್ಟಿದ ಕೆರೆಯಂಗಳ ಸಂಘದ ಹಣೆಬರಹ ಮೊನ್ನೆ ಭಾನುವಾರ ತೀರ್ಮಾನವಾಯಿತು. ಆರು ವರ್ಷದ ಹಿಂದೆ ಕೆರೆಯಂಗಳವನ್ನು ಸೈಟು ಮಾಡಲು ಕಲ್ಲು ನೆಡಲು ಬಂದವರ ಮುಂದೆ ನೀನು ಗುಣಿಯೊಳಗೇ ಇಳಿದು ಕೂತು, 'ನನ್ನೂ ಸೇರ್ಸಿ ಮುಚ್ರಪ್ಪಾ' ಅಂದೆಯಲ್ಲ, ಆ ದಿನದಿಂದ ಅಲ್ಲಿ ಒಂದು ಕಲ್ಲೂ ಎದ್ದಿಲ್ಲ. ಈಗ ಪಂಚಾಯಿತಿ ಚುನಾವಣೆ ಬಂದಿದೆ. ಪಟ್ಟಣದ ದೊಡ್ಡ ಪಕ್ಷದವರು ಜೀಪು, ಮೈಕು, ಬಾವುಟ ಎಲ್ಲ ಕೊಡುತ್ತಾರಂತೆ. ಸಂಘ ಅವರೊಳಗೆ ಸೇರಿಬಿಡಬೇಕಂತೆ. ನಮ್ಮ ಸಂಘದವನೇ ಆದ ಮುನಿಕೃಷ್ಣಪ್ಪ ಆ ಕಡೆ. 'ಇನ್ನೆಷ್ಟ್ ದಿನ ಗುಣಿಲಿ ಕೂರೋದು? ಮೇಲಕ್ಕೆ ಬರಾನ' ಎಂಬುದು ಅವನ ವಾದ. ಅದರಲ್ಲಿ ಸುಳ್ಳಿಲ್ಲ. ಆದರೆ ಜೀಪಿನ ಮುಂದಿನ ಸೀಟಿನಲ್ಲಿ ಕೂತು ಬರುವವನು ಅಂದು ಕಲ್ಲು ನೆಡಿಸಲು ಬಂದವನ ಷಡ್ಡಕ. ಅಧ್ಯಕ್ಷನಾದ ಖಾದರ್ ಬಾಷಾ ಇದನ್ನೇ ಎತ್ತಿ, 'ಕುದ್ರೆ ಬದ್ಲಾಯ್ತು, ಲಗಾಮು ಅವ್ರ ಕೈಲೇ ಅದೆ ಕಣೋ' ಅಂದ. ಹಾಗಾಗಿ ಕೈಯೆತ್ತಿಸಿ ಎಣಿಸುವುದು ಎಂದಾಯಿತು.

ಇಲ್ಲಿ ನಿನಗೆ ಒಂದು ತಪ್ಪೊಪ್ಪಿಗೆ ಮಾಡಬೇಕು. ಸಭೆಗೆ ಮೊದಲು ಹೆಸರು ಕೂಗುವವನು ನಾನಲ್ಲವೇ? 'ಹಾಜರ್ ಅನ್ನೋದು ಕಚೇರಿ ಮಾತು, ನಾವು ಇವ್ನಿ ಅನ್ನಾನ' ಎಂದು ನೀನೇ ಕಲಿಸಿದೆ. ಇದ್ದೇನೆ ಎನ್ನಲು ನಮ್ಮೂರಲ್ಲಿ ಬೇರೆ ಮಾತು ಯಾಕೆ ಬೇಕು! ಸತತ ಮೂರು ಸಭೆಯಲ್ಲಿ ಇವ್ನಿ ಎನ್ನದವನ ಹೆಸರು ಹೊಡೆದುಹಾಕಬೇಕೆಂಬ ನಿಯಮ ಬರೆದವನೂ ನೀನೇ, ಮಹಾರಾಯ. ನೀನು ಹೋದ ಮೇಲೆ ಎರಡು ಸಭೆ ಕಳೆದವು. ಮೂರನೆಯದರಲ್ಲಿ ನಿನ್ನ ಹೆಸರು ಕೂಗಿದೆ. ಬಾಗಿಲ ಬಳಿ ಕೂತಿದ್ದ ಗಂಗರತ್ನಮ್ಮ ತಲೆಯೆತ್ತಿದಳು. ಆ ಹೆಸರಿನ ಮೇಲೆ ಗೀಟು ಬಿದ್ದರೆ ಮಾರನೇ ಬೆಳಗ್ಗೆ ಕೇರಿಯ ಹೆಂಗಸರೆಲ್ಲ ಅವಳ ಹಣೆ ನೋಡುತ್ತಾರೆ. ನಾನು ಪುಸ್ತಕದೊಳಗೆ ಮುಖ ಹುದುಗಿಸಿ, ನಿನ್ನ ಒಡಕು ಗಂಟಲಿನಲ್ಲಿ, ನಿನ್ನದೇ ರಾಗದಲ್ಲಿ, 'ಇವ್ನಿ ಕಣಣ್ಣೋ' ಅಂದುಬಿಟ್ಟೆ. ಒಂದೇ ರಾತ್ರಿಯಲ್ಲಿ ಮೂರು ಪಾತ್ರ ಕಟ್ಟಿದವನಿಗೆ ಅದೇನು ಕಷ್ಟ! ಎಲ್ಲರಿಗೂ ಗೊತ್ತಿತ್ತು. ಯಾರೂ ನಗಲಿಲ್ಲ. ಅಲ್ಲಿಂದೀಚೆಗೆ ಪ್ರತಿ ಸಭೆಗೂ ನಿನ್ನ ಪಾತ್ರ ನನ್ನದೇ.

ಭಾನುವಾರ ಮಟಮಟ ಮಧ್ಯಾಹ್ನ, ನಮ್ಮ ನಾಟಕದ ತಗಡಿನ ಕೊಟ್ಟಿಗೆಯಲ್ಲಿ ಸಭೆ. ಹಳೆಯ ಅರಮನೆ ಪರದೆ ಹಿಂದಿನ ಗೋಡೆಗೆ ತೂಗಿಬಿದ್ದಿದೆಯಲ್ಲ, ಅದರ ಮುಂದೆ ಖಾದರ್ ಬಾಷಾ. ಕೈಯೆತ್ತಿಸಿದರೆ ಹತ್ತೊಂಬತ್ತು, ಹತ್ತೊಂಬತ್ತು! ಉಳಿದದ್ದು ನಿನ್ನ ಹೆಸರೊಂದೇ. ಮುನಿಕೃಷ್ಣಪ್ಪ ಎದ್ದು ನಿಂತ. ಅವನಿಗೂ ಸಂಕಟವಿತ್ತು, ನನ್ನ ಮುಖ ನೋಡಲಿಲ್ಲ. 'ವೆಂಕಟಣ್ಣ, ಇಷ್ಟ್ ದಿನ ನಾವೂ ಸುಮ್ಕಿದ್ವಿ. ಇವತ್ತು ನಾಟ್ಕ ಬ್ಯಾಡ. ಬಾಯ್ತುಂಬ ನೀರ್ ಹಿಡ್ಕೊ. ಬಾಷಣ್ಣ ಕೂಗ್ಲಿ' ಅಂದ. ನಾನು ಗಡಿಗೆಯಿಂದ ಚೊಂಬು ಎತ್ತಿ, ಕೆನ್ನೆ ಊದುವಷ್ಟು ನೀರು ತುಂಬಿಕೊಂಡು ಎಲ್ಲರಿಗೂ ಕಾಣುವಂತೆ ನಿಂತೆ. ಜೀವಮಾನದಲ್ಲಿ ಮೊದಲ ಸಲ ಮಾತಿಲ್ಲದ ಪಾತ್ರ! ಖಾದರ್ ಬಾಷಾ ಗಂಟಲು ಸರಿಮಾಡಿಕೊಂಡು ನಿನ್ನ ಹೆಸರು ಕೂಗಿದ. ತಗಡು ಬಿಸಿಲಿಗೆ ಟಿಕ್ ಟಿಕ್ ಅನ್ನುತ್ತಿತ್ತು.

'ಇವ್ನಿ ಕಣಣ್ಣೋ.'

ತಮ್ಮಯ್ಯಾ, ನನ್ನ ಬಾಯಲ್ಲಿ ನೀರಿತ್ತು. ಒಂದು ತೊಟ್ಟೂ ಚೆಲ್ಲಿರಲಿಲ್ಲ. ದನಿ ಬಂದದ್ದು ಪರದೆಯ ಹಿಂದಿನಿಂದ. ಅಲ್ಲಿ ಒಂದು ಗೇಣು ಜಾಗ, ಆಮೇಲೆ ಗೋಡೆ. ಖಾದರ್ ಬಾಷಾ ತಿರುಗಿ ನೋಡದೆ, ಜಟಕಾದವನ ಧೈರ್ಯವನ್ನೆಲ್ಲ ಕೂಡಿಸಿ, 'ಯಾ ಕಡೆ ನೀನು ಪಿಳ್ಳಣ್ಣ?' ಅಂದ. 'ನಮ್ಮ ಸಂಗ ನಮ್ಗೇ ಇರ್ಲಿ' ಎಂದಿತು ಆ ದನಿ. ನಿನ್ನ ಹಾಗೆಯೇ, ಕೊನೆಯಲ್ಲಿ ಒಂದು ಸಣ್ಣ ಕೆಮ್ಮು. ಆ ಕೆಮ್ಮನ್ನು ನಾನು ಎಂದೂ ಅನುಕರಿಸಿರಲಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ.

ಪರದೆ ಎತ್ತಿಸಿದೆವು. ಸುಣ್ಣದ ಗೋಡೆ, ಒಂದು ಹಲ್ಲಿ, ಅಷ್ಟೇ. ಆದರೆ ಏನೋ ವಾಸನೆ, ಒಣಮೀನಿನಂತೆ, ಒದ್ದೆ ಹಗ್ಗದಂತೆ. ನಮ್ಮಲ್ಲಿ ಸಮುದ್ರ ಕಂಡವನು ಖಾದರ್ ಬಾಷಾ ಒಬ್ಬನೇ. ಅವನಪ್ಪನನ್ನು ಹಜ್ಜಿನ ಹಡಗು ಹತ್ತಿಸಲು ಹೋಗಿದ್ದ. ಅವನು ಮೂಗಿಗೆ ಟವಲು ಒತ್ತಿಕೊಂಡು, 'ತೌಬಾ, ತೌಬಾ' ಅಂದನೇ ಹೊರತು ಏನೆಂದು ಹೇಳಲಿಲ್ಲ. ಗಂಗರತ್ನಮ್ಮ ಸೆರಗು ತಲೆಗೆ ಎಳೆದುಕೊಂಡು ಬಂದಳು. ನನ್ನ ಕೈಯಲ್ಲಿದ್ದ ಚೊಂಬನ್ನು ತೆಗೆದುಕೊಂಡು, 'ಬಿಸ್ಲಾಗೆ ಬಂದವ್ರೆ' ಎಂದು ಪರದೆಯ ಬುಡದಲ್ಲಿ ಇಟ್ಟಳು. ನಾನು ಆಗ ಬಾಯೊಳಗಿನ ನೀರು ನುಂಗಿದೆ. ಅದು ಉಪ್ಪಾಗಿತ್ತು.

ಮುನಿಕೃಷ್ಣಪ್ಪ ತಾನೇ ಪುಸ್ತಕದಲ್ಲಿ ಬರೆದ: ಇಪ್ಪತ್ತಕ್ಕೆ ಹತ್ತೊಂಬತ್ತು, ಸಂಘ ಯಾರೊಳಗೂ ಸೇರತಕ್ಕದ್ದಲ್ಲ. ಆಮೇಲೆ ಪುಸ್ತಕ ಮುಚ್ಚಿ, 'ಚುನಾವಣೆಗೂ ಅವ್ನೇ ನಿಂತ್ಕಳ್ಳಿ, ನಾನ್ ಓಟ್ ಕೇಳ್ತೀನಿ' ಅಂದ. ಒಬ್ಬರೂ ಬೇಡವೆನ್ನಲಿಲ್ಲ. ಹೀಗೆ, ಸ್ವಾಮೀ, ತಾವು ನಮ್ಮ ಅಭ್ಯರ್ಥಿ! ಊರ ಗೋಡೆಗಳ ಮೇಲೆ ಆಗಲೇ ಕೆಮ್ಮಣ್ಣಿನಲ್ಲಿ ನಿನ್ನ ಹೆಸರು ಬರೆಯುತ್ತಿದ್ದಾರೆ. ಅಮ್ಮ ಬೆರಳಿನಿಂದ ಸವರಿ ನೋಡಿ, 'ಅಕ್ಸರ ಇನ್ನಾ ಹಸಿ ಅದೆ' ಅಂದಳು.

ಅಮ್ಮನ ಹರಕೆ, ಖಾದರ್ ಬಾಷಾನ ಸಲಾಮು, ಮೂವತ್ತೆಂಟು ಮಂದಿಯ ನೆನಪು ನಿನಗೆ ಸೇರಲಿ. ಗಂಗರತ್ನಮ್ಮ ಏನೂ ಬರೆಸಲಿಲ್ಲ. ಅವಳು ದಿನಾ ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ ಚೊಂಬಿನ ನೀರು ಬದಲಿಸಿ ಬರುತ್ತಾಳೆ.

ಎಲ್ಲಿದ್ದರೂ ತಣ್ಣಗಿರು.

ನಿನ್ನ ಅಣ್ಣ,
ಮುನಿವೆಂಕಟಯ್ಯ

ಮರೆತಿದ್ದೆ, ಟಪಾಲು ಕಟ್ಟುವ ಹೊತ್ತಾಯಿತು: ಇದರೊಳಗೆ ನಾಮಪತ್ರದ ಫಾರಂ ಇದೆ. ತಿಂಗಳ ಕೊನೆಯ ಸೋಮವಾರದೊಳಗೆ ಕೊಡಬೇಕು. ಅದಕ್ಕೆ ದನಿ ಸಾಲದಂತೆ, ಕೈ ಬೇಕಂತೆ. ಕೈ ಇದ್ದರೆ ಸಹಿ ಹಾಕಿ ಕಳಿಸು. ಬರದಿದ್ದರೆ ಹಿಂದಿನ ದಿನ ಭಾನುವಾರ ಸಭೆಯಲ್ಲಿ ನಾನೇ ನಿನ್ನ ಹೆಸರು ಕೂಗುತ್ತೇನೆ, ಕೂಗಿದ ಕೂಡಲೇ ಬಾಯಿಗೆ ನೀರು ತುಂಬಿಕೊಳ್ಳುತ್ತೇನೆ. ಆಗ ಸುಮ್ಮನಿರಬೇಡ ಮಗನೇ. ಸುಮ್ಮನಿದ್ದರೆ ನಿನ್ನ ನಿಯಮದಂತೆ ಇನ್ನೂ ಎರಡು ಸಭೆಯಲ್ಲಿ ಕೂಗಿ, ಆಮೇಲೆ ಹೆಸರು ಹೊಡೆದುಹಾಕಬೇಕಾಗುತ್ತದೆ. ನನಗೆ ಅಷ್ಟು ಗಂಟಲಿಲ್ಲ. ಇವ್ನಿ ಅನ್ನಲಾಗದಿದ್ದರೆ, ಇಲ್ಲ ಅಂತ ನಿನ್ನ ಬಾಯಿಂದಲೇ ಒಂದು ಸಲ ಹೇಳಿಬಿಡು.