ಸೋಮವಾರದ ಸಹಿ ಮತ್ತು ನನ್ನ ಕೇಬಲ್

ಠಾಣೆಯ ಮುಖ್ಯಸ್ಥರೇ,

ಮೂರು ವರ್ಷ ಕದ್ದಾಗ ಕೈಗೆ ಸಿಗದ ನಮ್ಮ ಯಲ್ಲಾಲಿಂಗನನ್ನು, ಕದಿಯುವುದು ಬಿಟ್ಟ ಎಂಟನೇ ತಿಂಗಳಿಗೆ ಹಿಡಿದಿದ್ದೀರಿ. ಅಭಿನಂದನೆಗಳು. ಈಗ ಪ್ರತಿ ಸೋಮವಾರ ಸಹಿಗೆ ಕರೆಸಿ ಅವನನ್ನು ಮತ್ತೆ ಕಳ್ಳನನ್ನಾಗಿ ಮಾಡುತ್ತಿದ್ದೀರಿ. ನನ್ನ ತಕರಾರು ಅದು.

ಯಲ್ಲಾಲಿಂಗ ನನ್ನ ಅಣ್ಣನ ಮಗ. ನಶೆ ಗುಳಿಗೆಗಾಗಿ ಊರಿನ ಪಂಪ್‌ಸೆಟ್ ಕೇಬಲ್ ಕತ್ತರಿಸಿ ತಾಮ್ರ ಮಾರುತ್ತಿದ್ದ. ನನ್ನದನ್ನೇ ಎರಡು ಸಲ ಒಯ್ದ. ದೂರು ಕೊಡಲು ಬಂದಾಗ ಸಂಶಯ ಯಾರ ಮೇಲೆಂದು ನಿಮ್ಮವರು ಕೇಳಿದರು, ಹೆಸರು ಹೇಳಿದೆ, ಬರೆದುಕೊಂಡು ಚಹಾ ಕುಡಿದರು. ಅಂದಿನಿಂದ ನಮ್ಮೂರಲ್ಲಿ ಹೊಸ ರೂಢಿ ಬಿತ್ತು: ಸಂಜೆ ಕರೆಂಟ್ ಹೋದೊಡನೆ ಎಲ್ಲರೂ ಕೇಬಲ್ ಬಿಚ್ಚಿ, ಸುರುಳಿ ಸುತ್ತಿ, ಹೆಗಲಿಗೆ ಹಾಕಿಕೊಂಡು ಮನೆಗೆ ಬರುವುದು.

ಕೊನೆಗೆ ನಾನೇ ಅವನನ್ನು ನಶೆ ಬಿಡಿಸಲು ಜಮಖಂಡಿಯ ಆಸ್ಪತ್ರೆಗೆ ಎಳೆದೊಯ್ದೆ. ಪ್ರತಿ ಸೋಮವಾರ ಮಧ್ಯಾಹ್ನದೊಳಗೆ ಖುದ್ದಾಗಿ ಹೋದರೆ ಮಾತ್ರ ಡಾಕ್ಟರು ಮಾತಾಡಿಸಿ ವಾರದ ಔಷಧ ಕೊಡುತ್ತಾರೆ. ಅಲ್ಲಿಂದ ಮುಂದೆ ಊರಿನ ಒಂದು ಗೇಣು ತಂತಿ ಹೋಗಲಿಲ್ಲ. ನಿಮ್ಮ ಗಸ್ತಿನಿಂದಲೇ? ಸುಡುಗಾಡು. ಔಷಧದಿಂದ. ನಂಬಿಕೆ ಬಂದು, ಕೇಬಲ್ ಮನೆಗೆ ತರುವ ಕೆಲಸ ಅವನಿಗೇ ಕೊಟ್ಟೆ. ಹಾಗೆ ತರುವಾಗಲೇ ನಿಮ್ಮವರು 'ಮಾಲು ಸಮೇತ' ಹಿಡಿದರು. ಮುಂದೊಬ್ಬ, ಹಿಂದೊಬ್ಬ ಅಂಥದ್ದೇ ಸುರುಳಿ ಹೊತ್ತು ಹೊರಟಿದ್ದರು. ಅವರಿಗೆ ದಾರಿ ಬಿಟ್ಟರಂತೆ. ಅದು ನನ್ನದೇ ಕೇಬಲ್ ಎಂದು ಠಾಣೆಗೆ ಬಂದು ಹೇಳಿದರೆ ನಿಮ್ಮ ಪೇದೆ, "ಅಜ್ಜಾರ, ಅವನ ಮ್ಯಾಲ ದೂರ ಕೊಟ್ಟಾವ್ರ ನೀವ ಅಲ್ಲರಿ? ಈಗ ಬ್ಯಾಡ ಅಂದ್ರ ಹೆಂಗರಿ?" ಎಂದ. ಇಷ್ಟು ವರ್ಷ ಮಲಗಿದ್ದ ದೂರು ಅಂದು ಎದ್ದು ಕೂತಿತ್ತು.

ಅವನನ್ನು ಬಿಟ್ಟಿರಿ, ಸೋಮವಾರದ ಸಹಿಯ ಕರಾರಿನ ಮೇಲೆ. ಕೇಬಲ್ ಬಿಡಲಿಲ್ಲ. ಸಹಿಗೆ ಒಂದು ನಿಮಿಷ ಸಾಕು, ಸಹಿಯ ಪುಸ್ತಕ ಹೊರಬರಲು ನಾಲ್ಕು ತಾಸು ಬೇಕು. ಎರಡು ವಾರದ ಔಷಧ ತಪ್ಪಿತು. ಮೊನ್ನೆ ಸಂಜೆ ಬೆವರುತ್ತ ಬಂದು ಅವನೇ ಹೇಳಿದ: "ಕಾಕಾ, ಬಾಜೂಮನಿ ಸಾಬಣ್ಣನ ಕೇಬಲ್ ಇವತ್ತ ಭಾಳ ಛಲೋ ಕಾಣಾಕತ್ತೇತಿ. ನನ್ನ ಒಳಗ ಹಾಕಿ ಚಿಲಕಾ ಹಾಕಿಬಿಡು." ಹಾಕಿ, ಬಾಗಿಲ ಮುಂದೆ ಬಡಿಗೆ ಹಿಡಿದು ಕುಳಿತೆ. ಕದಿಯುವ ಮೊದಲೇ ಬಂದು ಹೇಳುವ ಕಳ್ಳನನ್ನು ನಿಮ್ಮ ಇಡೀ ನೌಕರಿಯಲ್ಲಿ ಕಂಡಿದ್ದೀರಾ?

ಸಹಿಯನ್ನು ಮಂಗಳವಾರಕ್ಕೆ ಹಾಕಿ. ಆಗದಿದ್ದರೆ ಈ ಸೋಮವಾರದಿಂದ ಊರಿನ ನಲವತ್ತು ಕೇಬಲ್‌ಗಳನ್ನೂ ಸಂಜೆ ನಿಮ್ಮ ಠಾಣೆಯಲ್ಲೇ ತಂದಿಡುತ್ತೇವೆ, ಮುಂಜಾನೆ ಕರೆಂಟ್ ಬಂದಾಗ ಒಯ್ಯುತ್ತೇವೆ. ಇಡುವಾಗೊಂದು, ಒಯ್ಯುವಾಗೊಂದು ಸಹಿ ನೀವೇ ಮಾಡಿಕೊಡಬೇಕು.

ಇಂತಿ,
ಮೂರನೇ ಸಲ ಕೇಬಲ್ ಕಳೆದುಕೊಂಡು, ಈ ಸಲ ಅದು ಯಾರ ಬಳಿ ಇದೆಯೆಂದು ಚೆನ್ನಾಗಿ ಬಲ್ಲ
ಚನಮಲ್ಲಪ್ಪ